ಗಿರಿಜಳ ಹಿಂದಿ ಅಂಕಗಳೂ ನನ್ನ ಪಂಕ್ಚರ್ ಸೊಲ್ಯೂಷನ್ನೂ

ಒಂದು ವಸ್ತುವನ್ನು ಇನ್ನೊಂದಕ್ಕೆ ಅಂಟಿಸುವ ವಿದ್ಯೆಯಲ್ಲಿ ಇಡೀ ಮಧುಗಿರಿ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಜಂಬಕ್ಕೆ ಹೇಳುತ್ತಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಸೈಕಲ್ ಶಾಪು ಇತ್ತು. ನಾನು ಹಾಕಿದ ಪಂಕ್ಚರ್ ತೇಪೆ ಬಿಚ್ಚಿಕೊಂಡಿದ್ದನ್ನು ಕಂಡವರಿಲ್ಲ. ಟ್ಯೂಬು ಹರಿದು ಚಿಂದಿಯಾದರೂ ತೇಪೆ ಮಾತ್ರ ಇಟ್ಟ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಚನ್ನರಾಯನದುರ್ಗದ ರೈತರೊಬ್ಬರು ಹೊಸ ಟ್ಯೂಬು ಕೊಳ್ಳುವಾಗಲೂ, "ಹಳೇದರ ತೇಪೆ ಚೆನ್ನಾಗೈತೆ ಕಣಣ್ಣ, ಅದುನ್ನ ಇದುಕ್ಕೆ ಹಾಕಕ್ಕಾಗಲ್ವಾ?" ಎಂದು ಕೇಳಿದ್ದರು. ಇಂಥ ಮಾತುಗಳನ್ನು ದಿನವೂ ಕೇಳಿಸಿಕೊಳ್ಳುವ ಮನುಷ್ಯನ ತಲೆ ನೆಟ್ಟಗಿರುವುದು ಕಷ್ಟ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಎಸ್ಸೆಲ್ಸಿಯಲ್ಲಿ ಗಣಿತಕ್ಕೆ ಮಣಿದು, ಓದಿಗೆ ಕೈಮುಗಿದು ಸೈಕಲ್ ಚಕ್ರ ಹಿಡಿದವನು. ಅದಕ್ಕೇ ಏನೋ, ಓದಿದವರನ್ನು ಕಂಡರೆ ನನಗೆ ದೇವರ ಗುಡಿಯ ಹೊಸಿಲಲ್ಲಿ ನಿಂತ ಹಾಗಾಗುತ್ತಿತ್ತು. ಹಾಗಿರುವಾಗ ನನಗೆ ಸಿಕ್ಕಿದ ಹೆಂಡತಿ ಎಂಥವಳು? ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಗಿರಿಜ. ಪಿಯುಸಿ ಪಾಸು. ಅದು ಸಾಲದೆಂಬಂತೆ, ಹೈಸ್ಕೂಲಿನಲ್ಲಿ ಇದ್ದಾಗಲೇ ಹಿಂದಿ ಪ್ರಚಾರದವರ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ, ಮೇಲಿನ ಉನ್ನತ ಪರೀಕ್ಷೆಯವರೆಗೂ ಹತ್ತಿ ಇಳಿದಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ರೇಡಿಯೋದ ಹಿಂದಿ ವಾರ್ತೆ ಕೇಳಿ ನಮ್ಮವ್ವನಿಗೆ ಅದರ ಸಾರ ಹೇಳುತ್ತಿದ್ದಳು. ಅವ್ವ ಬೆರಣಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ.

ಮೊದಲ ಹೆರಿಗೆಗೆಂದು ಗಿರಿಜ ತವರಿಗೆ ಹೋದಳು. ಒಂದು ದಿನ ದುಪ್ಪಟಿ ಹುಡುಕುತ್ತಾ ಅವಳ ಟ್ರಂಕು ತೆಗೆದೆ. ತಳದಲ್ಲಿ ನ್ಯೂಸ್ ಪೇಪರಿನೊಳಗೆ ಆ ಸರ್ಟಿಫಿಕೇಟು ಮಲಗಿತ್ತು. ದಪ್ಪ ಕಾಗದ, ಸುತ್ತ ಬಳ್ಳಿಯ ಅಂಚು, ಗೆರೆಗೆ ನೇತುಬಿದ್ದ ಅಕ್ಷರಗಳು. ಹೈಸ್ಕೂಲಿನಲ್ಲಿ ನಾನೂ ಹಿಂದಿ ಪಾಠಕ್ಕೆ ಕೂತವನೇ, ಆದರೆ ನನಗೆ ಆ ಮೇಲಿನ ಗೆರೆ ಬಿಟ್ಟು ಬೇರೇನೂ ನೆನಪಿರಲಿಲ್ಲ. ಕೈ ತೊಳೆದು ಬಂದು ಇನ್ನೊಮ್ಮೆ ಮುಟ್ಟಿದೆ. ಇಂಥದ್ದು ಟ್ರಂಕಿನ ತಳದಲ್ಲಿ ಇರಬಾರದು, ಗಿರಿಜ ಮಗುವಿನೊಂದಿಗೆ ಬರುವ ಹೊತ್ತಿಗೆ ಗೋಡೆಯ ಮೇಲಿರಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಹಿಂಭಾಗದಲ್ಲೂ ಮಸಿಯಲ್ಲಿ ಏನೋ ಬರೆದಿತ್ತು. ಹಿಂದೆ ಬರೆದದ್ದನ್ನು ಯಾರು ಓದುತ್ತಾರೆ ಅಂದುಕೊಂಡೆ.

ಪಕ್ಕದ ಅಂಗಡಿಯ ಟೈಲರ್ ಖಾದರ್ ಸಾಬರು ಶಿರಾ ಕಡೆಯವರು, ತೂಕದ ಮನುಷ್ಯ. ನಾನು ಪ್ಲೈವುಡ್ ಹಲಗೆ ಕತ್ತರಿಸುವಾಗ ಬಂದು ನೋಡಿ, "ರುದ್ರಣ್ಣ, ಸುತ್ತ ನಾಲ್ಕು ಸಣ್ಣ ಮೊಳೆ ಹೊಡೆದ್ರೆ ಸಾಕಲ್ಲ. ಕಾಗದಕ್ಕೆ ಇಷ್ಟು ಮಜಬೂತಿ ಯಾಕೆ?" ಎಂದರು.

"ಖಾದರಣ್ಣ, ಇದು ಕಾಗದ ಅಲ್ಲ. ವಿದ್ಯೆ" ಎಂದೆ.

ಅವರು ಗಡ್ಡ ನೀವಿಕೊಂಡು ಹೋದರು.

ಪಂಕ್ಚರ್ ಹಾಕುವುದಕ್ಕೆ ಒಂದು ಕ್ರಮ ಉಂಟು. ಮೊದಲು ಉಪ್ಪುಕಾಗದದಲ್ಲಿ ಉಜ್ಜಬೇಕು, ಆಮೇಲೆ ಸೊಲ್ಯೂಷನ್ ಹಚ್ಚಿ ಆರಲು ಬಿಡಬೇಕು, ಬೆರಳಿಗೆ ಜಿಗಿ ಹತ್ತಿದಾಗ ಒತ್ತಬೇಕು. ಆ ಕ್ರಮದಲ್ಲಿ ಒಂದಿಷ್ಟೂ ಲೋಪವಾಗದಂತೆ ಹಲಗೆಗೂ ಹಚ್ಚಿದೆ, ಸರ್ಟಿಫಿಕೇಟಿನ ಬೆನ್ನಿಗೂ ಹಚ್ಚಿದೆ. ಒಂದು ಗುಳ್ಳೆಯೂ ಉಳಿಯದಂತೆ ಅಂಗೈಯಲ್ಲಿ ನೀವಿ, ಒಂದು ದಿನ ಪೂರ್ತಿ ಅದರ ಮೇಲೆ ಕಲ್ಲು ಹೇರಿದೆ. ಮೇಲೆ ಗಾಜು, ಸುತ್ತ ಕಟ್ಟು. ಅವ್ವ ಅದನ್ನು ದೇವರ ಪಟಗಳ ಸಾಲಿನಲ್ಲೇ ನೇತುಹಾಕಿಸಿ, ದಿನಾ ಗಾಜಿಗೆ ವಿಭೂತಿ ಹಚ್ಚತೊಡಗಿದಳು. ಅವ್ವನ ಹತ್ತಿರ ಹಾಲು ಕೊಳ್ಳಲು ಬಂದ ಒಬ್ಬರಿಬ್ಬರು ಅದು ಯಾವ ದೇವರೆಂದು ವಿಚಾರಿಸದೆ ಕೈಮುಗಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಗಿರಿಜ ಮಗುವನ್ನು ಎತ್ತಿಕೊಂಡು ಬಂದವಳು ಗೋಡೆಯ ಮುಂದೆ ತುಂಬಾ ಹೊತ್ತು ನಿಂತಳು. "ಹೆಂಗೆ ಅಂಟಿಸಿದಿರಿ?" ಎಂದಳು.

"ಈ ಜನ್ಮದಲ್ಲಿ ಬಿಡಲ್ಲ" ಎಂದೆ.

ಅವಳು ಮಗುವನ್ನು ಮಲಗಿಸಲು ಒಳಗೆ ನಡೆದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ತಿಳಿದುಕೊಂಡೆ.

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಊಟಕ್ಕೆ ಬಡಿಸುತ್ತಾ, "ರೀ, ನಾನು ಬಿ.ಎ.ಗೆ ಸೇರ್ಲಾ?" ಎಂದು ಕೇಳಿದಳು. ನನ್ನ ಕೈಯ ಮುದ್ದೆ ತಟ್ಟೆಗೆ ಬಿತ್ತು. ನಮ್ಮ ಮನೆಯಿಂದ ಒಬ್ಬರು ಕಾಲೇಜಿಗೆ ಹೋಗುವುದೆಂದರೆ! ಆದರೆ ಐದು ತಿಂಗಳ ಮಗು. ತೀರ್ಪು ಅವ್ವನದಾಗಬೇಕಿತ್ತು.

ಅವ್ವ ಎರಡು ಎಮ್ಮೆ ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುವವಳು. ಅವಳು ಹೇಳಿದಳು: "ಸೇರ್ಕಳ್ಳಿ ಬುಡು. ಆದ್ರೆ ಹತ್ತೂವರೆ ತಂಕ ನನ್ ಕೈ ಬಿಡುವಿಲ್ಲ ಕಣವ್ವ. ಎಮ್ಮೆ ಕೇಳಕ್ಕಿಲ್ಲ, ಹಾಲಿನೋರು ಕೇಳಕ್ಕಿಲ್ಲ. ಹತ್ತೂವರೆ ಆದ್ಮ್ಯಾಕೆ ಮಗೀನ ನನ್ ಕೈಗೆ ಕೊಟ್ಟು ನೀನು ದಿಲ್ಲಿಗಾರಾ ಹೋಗು."

ನನ್ನದೂ ಅದೇ ಕಥೆ. ಬೆಳಗಿನ ಹೊತ್ತೇ ಶಾಪಿಗೆ ಜನ. ಗ್ರೀಸು ಮೆತ್ತಿದ ಕೈಯಲ್ಲಿ ಹಸುಗೂಸನ್ನು ಹಿಡಿಯುವುದು ಹೇಗೆ?

ಶುಕ್ರವಾರ ಇಬ್ಬರೂ ಊರಿನ ಕಾಲೇಜಿಗೆ ಹೋದೆವು. ಅಲ್ಲಿನ ಸೂಪರಿಂಟೆಂಡೆಂಟ್ ನಂಜುಂಡಯ್ಯನವರನ್ನು ಅಂದು ಮೊದಲು ನೋಡಿದ್ದು. ಹಣೆಯಲ್ಲಿ ಮೂರು ಬೆರಳು ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಅವರ ಹಿಂದೆ ನೆಲದಿಂದ ಸೂರಿನವರೆಗೆ ಕಡತಗಳಿದ್ದವು. ಆದರೆ ಅವರು ಹಿಂತಿರುಗಿ ಒಂದನ್ನೂ ಮುಟ್ಟಲಿಲ್ಲ. ಎಲ್ಲವೂ ಅವರ ಬಾಯಲ್ಲೇ ಇತ್ತು.

"ಎರಡನೇ ಭಾಷೆಯ ತರಗತಿ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ. ಉಳಿದದ್ದೆಲ್ಲ ಹನ್ನೊಂದರಿಂದ" ಎಂದರು.

ಗಿರಿಜಳ ಮುಖ ಬಾಡಿತು. ಎಂಟೂವರೆ ಅಂದರೆ ಅವ್ವ ಹಾಲಿನ ಕ್ಯಾನು ಹಿಡಿದು ಕೋಟೆ ಬೀದಿಯಲ್ಲಿ ಇರುವ ಹೊತ್ತು. ಅವಳು ಎದ್ದೇಬಿಟ್ಟಳು. ಆಗ ನಂಜುಂಡಯ್ಯನವರು, "ಕೂತ್ಕೊಳ್ಳಿ ತಾಯಿ. ಹಿಂದಿ ಪರೀಕ್ಷೆ ಯಾವುದಾದರೂ ಕಟ್ಟಿದ್ರಾ?" ಎಂದರು.

"ಹೈಸ್ಕೂಲಲ್ಲೇ ಉನ್ನತ ಪರೀಕ್ಷೆ ತನಕ ಮುಗಿಸಿದೀನಿ ಸಾರ್."

ಅವರು ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಮಂತ್ರದ ಹಾಗೆ ಶುರು ಮಾಡಿದರು. ಹಾಗೆ ಮುಗಿಸಿದವರು ಆ ಅಂಕಗಳನ್ನು ಇಲ್ಲಿ ತಂದು ಒಪ್ಪಿಸಬಹುದು. ಪ್ರತಿ ಪತ್ರಿಕೆಯಲ್ಲೂ ಗೊತ್ತುಪಡಿಸಿದ್ದಕ್ಕಿಂತ ಕಡಿಮೆ ಇರದಿದ್ದರೆ ಆ ಅಂಕಗಳನ್ನೇ ಕಾಲೇಜಿನ ಪುಸ್ತಕಕ್ಕೆ ಏರಿಸುತ್ತಾರೆ. ಎರಡನೇ ಭಾಷೆಯ ತರಗತಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಅದಕ್ಕೆ ವಿನಾಯಿತಿ ಎಂದು ಹೆಸರು.

ನನಗೆ ಮೈ ಜುಮ್ಮೆಂದಿತು. ನಾನು ಹಾಕಿದ ತೇಪೆ ಒಂದು ಟ್ಯೂಬಿನಿಂದ ಇನ್ನೊಂದು ಟ್ಯೂಬಿಗೆ ಹೋಗುವುದಿಲ್ಲ. ಆದರೆ ಹೊಸಕೋಟೆಯ ಹೈಸ್ಕೂಲಿನಲ್ಲಿ ಎಂದೋ ಬರೆದ ಉತ್ತರ ಇಷ್ಟು ವರ್ಷ ಸುಮ್ಮನಿದ್ದು, ಬೆಟ್ಟಗುಡ್ಡ ದಾಟಿ ಬಂದು, ಮಧುಗಿರಿಯಲ್ಲಿ ಬಿ.ಎ. ಪುಸ್ತಕದೊಳಗೆ ಕೂರುತ್ತದೆ. ಇಂಥದ್ದೊಂದು ಏರ್ಪಾಡು ಮಾಡಿದ ಮಹಾನುಭಾವರು ಯಾರಿರಬಹುದು?

"ಬರುವ ಶುಕ್ರವಾರ ಕಡೇ ದಿನ. ಪಾಸು ಅಂದರೆ ಸಾಲದು, ಪತ್ರಿಕೆವಾರು ಅಂಕ ಬೇಕು" ಎಂದರು ನಂಜುಂಡಯ್ಯನವರು.

"ಗೋಡೆ ಮೇಲೇ ಇದೆ ಸಾರ್, ನಾಳೆ ತರ್ತೀನಿ. ಅದು ಎಲ್ಲಿ ಬರೆದಿರುತ್ತೆ?" ಎಂದೆ ನಾನು, ಉತ್ಸಾಹದಲ್ಲಿ.

"ಸರ್ಟಿಫಿಕೇಟಿನ ಹಿಂಭಾಗದಲ್ಲಿ."

ಗಿರಿಜ ನನ್ನನ್ನು ನೋಡಿದಳು. ನಾನು ಸೂರನ್ನು ನೋಡಿದೆ.

ಮನೆಯೊಳಗೆ ಕಾಲಿಟ್ಟ ಕೂಡಲೇ ಅವಳ ಗಡಿ ಊರಿನ ತೆಲುಗು ಹೊರಬಂತು. "ಏಮಂಡೀ, ಏಂ ಪನಿ ಇದಿ? ಇದೆಂಥ ಕೆಲಸ?" ಅವಳ ಬಾಯಲ್ಲಿ ತೆಲುಗು ಬಂತೆಂದರೆ ಪರಿಸ್ಥಿತಿ ಗಂಭೀರ ಎಂದು ಅರ್ಥ.

"ಅಂಟಿಸಿದವನಿಗೆ ಬಿಡಿಸೋದು ಬರಲ್ವಾ? ನಾಳೆ ಸಂಜೆಯೊಳಗೆ ಹಿಂಭಾಗ ನಿನ್ನ ಕೈಲಿರುತ್ತೆ" ಎಂದು ಅಭಯ ಕೊಟ್ಟೆ.

ಶನಿವಾರ ಗಾಜು ತೆಗೆದು, ಟೈರ್ ಬಿಡಿಸುವ ಪಟ್ಟಿಯನ್ನು ಕಾಗದದ ಮೂಲೆಗೆ ಕೊಟ್ಟು ಮೆಲ್ಲನೆ ಎತ್ತಿದೆ. ಕಾಗದ ಏಳಲಿಲ್ಲ. ಪ್ಲೈವುಡ್ಡಿನ ಮೇಲ್ಪದರ ಎದ್ದಿತು. ನನ್ನ ಕೆಲಸದ ಬಗ್ಗೆ ನನಗೇ ಗೌರವ ಹುಟ್ಟಿದ ಗಳಿಗೆ ಅದು. ಗಿರಿಜ ಬಂದು ಪಟ್ಟಿಯನ್ನು ಕಿತ್ತುಕೊಂಡಳು.

ಭಾನುವಾರ ಖಾದರ್ ಸಾಬರು ಬಂದು ಪರೀಕ್ಷಿಸಿ, "ನಮ್ಮ ಕೆಲಸದಲ್ಲಿ ಕಾಲರಿಗೆ ಹಾಕೋ ಕ್ಯಾನ್ವಾಸು ತಪ್ಪಿ ಅಂಟಿಕೊಂಡರೆ ಆವಿ ಹಿಡಿತೀವಿ" ಎಂದರು. ಆವಿ ಎಂದರೆ ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಒಂದೇ. ನೀರು ಕುದಿಸಿ, ಹಲಗೆಯನ್ನು ಕಾಗದ ಕೆಳಮುಖವಾಗಿ ಪಾತ್ರೆಯ ಬಾಯಿಗೆ ಮುಚ್ಚಿದೆ.

ಎಮ್ಮೆಗೆ ಹುಲ್ಲು ಹಾಕಿ ಒಳಗೆ ಬಂದ ಅವ್ವ ಹೌಹಾರಿದಳು. "ಲೇ ರುದ್ರ, ದಿನಾ ವಿಬೂತಿ ಇಕ್ಕಿದ್ನಲ್ಲೋ. ಅದುನ್ನ ಇಡ್ಲಿ ಪಾತ್ರೇಗಿಕ್ಕಿ ಬೇಯುಸ್ತಿದ್ದೀಯೇನ್ಲಾ?"

"ಬೇಯಿಸ್ತಿಲ್ಲ ಕಣವ್ವ, ಮೆತ್ತಗೆ ಮಾಡ್ತಿದೀನಿ."

"ಅಂಗಂದ್ರೆ ಇನ್ನೇನ್ಲಾ?"

ಅರ್ಧ ಗಂಟೆಯಾದ ಮೇಲೆ ತೆಗೆದು ನೋಡಿದರೆ ರಬ್ಬರ್ ಸೊಲ್ಯೂಷನ್ ಆವಿಗೆ ಕೂದಲಷ್ಟೂ ಜಗ್ಗಿರಲಿಲ್ಲ. ಕಾಗದ ಮಾತ್ರ ಹಪ್ಪಳದ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಮಳೆಯಲ್ಲಿ ಮುಳುಗಿದ ಟ್ಯೂಬಿನ ತೇಪೆಯೇ ಬಿಡುವುದಿಲ್ಲ, ಇಡ್ಲಿ ಪಾತ್ರೆಗೆ ಬಿಡುತ್ತದೆಯೇ ಎಂಬ ಯೋಚನೆ ನನಗೆ ಮೊದಲೇ ಬರಬೇಕಿತ್ತು. ಅದು ಇಡ್ಲಿ ಪಾತ್ರೆ ಒಲೆಯಿಂದ ಇಳಿದ ಮೇಲೆ ಬಂತು.

"ರೀ, ನಾನೊಂದು ಮಾತು ಹೇಳ್ಲಾ?" ಎಂದಳು ಗಿರಿಜ.

"ಈಗ ಮಾತಾಡಿಸ್ಬೇಡ. ತಲೆ ಓಡ್ತಾ ಇದೆ" ಎಂದೆ.

ಸೋಮವಾರ ಮಧ್ಯಾಹ್ನ ಅವಳು ಮಗುವನ್ನು ಎತ್ತಿಕೊಂಡು ಎಲ್ಲಿಗೋ ಹೊರಟಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬೇಸರಕ್ಕೆ ಗುಡಿಗೆ ಹೋಗುತ್ತಿದ್ದಾಳೆ ಅಂದುಕೊಂಡೆ. ವಾಪಸು ಬಂದವಳು ಮತ್ತೆ, "ರೀ, ಆ ವಿಷಯ..." ಎಂದಳು. "ಶುಕ್ರವಾರದೊಳಗೆ ನಾನು ಮುಗಿಸ್ತೀನಿ, ನೀನು ನಿಶ್ಚಿಂತೆಯಾಗಿರು" ಎಂದು ಕೈಯೆತ್ತಿ ತಡೆದೆ. ಅವಳು ನಿಜವಾಗಿಯೂ ನಿಶ್ಚಿಂತೆಯಾಗಿ ಒಳಗೆ ಹೋದಳು. ನನ್ನ ಮಾತಿಗೆ ಇಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮಂಗಳವಾರ, ಬುಧವಾರ ಹಲಗೆಯನ್ನು ಎದುರಿಗಿಟ್ಟುಕೊಂಡು ಶಾಪಿನಲ್ಲಿ ಕೂತೆ. ಬುಧವಾರ ಇಳಿಹೊತ್ತಿಗೆ ಜ್ಞಾನೋದಯವಾಯಿತು. ಹಳೆಯ ಸೊಲ್ಯೂಷನ್ ಒರೆಸುವುದಕ್ಕೆ ನಾನು ವರ್ಷಾನುಗಟ್ಟಲೆ ಬಳಸುತ್ತಿರುವುದೇನು? ಪೆಟ್ರೋಲು. ಖಾದರ್ ಸಾಬರ ಮೋಪೆಡ್ಡಿನಿಂದ ಒಂದು ಲೋಟ ಇಳಿಸಿಕೊಂಡು, ಬತ್ತಿಯಲ್ಲಿ ಅಂಚಿನಿಂದ ಒಳಗೆ ಹನಿಹನಿಯಾಗಿ ಬಿಟ್ಟೆ. ಕಾಗದ ನಿಧಾನವಾಗಿ, ಬಾಳೆಹಣ್ಣಿನ ಸಿಪ್ಪೆಯಂತೆ, ಒಂದು ಚೂರೂ ಹರಿಯದೆ ಎದ್ದು ಬಂತು. ಖಾದರ್ ಸಾಬರು, "ವಾಹ್ ರುದ್ರಣ್ಣ, ಕಮಾಲ್" ಎಂದರು. ನಾನು ಅದನ್ನು ಗೆದ್ದ ಪೈಲ್ವಾನನಂತೆ ಮೇಲೆತ್ತಿ ಹಿಂಭಾಗ ತಿರುಗಿಸಿದೆ.

ಹಿಂಭಾಗದಲ್ಲಿ ಏನೂ ಇರಲಿಲ್ಲ. ತಿಳಿ ನೀಲಿ ಮೋಡದಂಥ ಒಂದು ಕಲೆ, ಅಷ್ಟೇ.

ಭಾನುವಾರದ ಆವಿ ಮಸಿಯನ್ನು ಕರಗಿಸಿತ್ತು. ಕರಗಿದ ಮಸಿ ರಬ್ಬರಿನ ಪದರಕ್ಕೆ ಹತ್ತಿಕೊಂಡಿತ್ತು. ಆ ಪದರವೋ ಹಲಗೆಯನ್ನೇ ಕಚ್ಚಿ ಉಳಿದಿತ್ತು. ಎಂದರೆ ಗಿರಿಜಳ ಅಂಕಗಳು ಈಗ ಪ್ಲೈವುಡ್ಡಿನ ಮೇಲಿದ್ದವು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ತಿರುಗಿ. ಖಾದರ್ ಸಾಬರು ತಮ್ಮ ಅಂಗಡಿಯ ಕನ್ನಡಿ ತಂದು ಹಿಡಿದರು. ಅದರಲ್ಲಿ ಅಂಕಿಗಳ ಹಾಗೆ ಕಾಣುವಂಥವು ಮಸುಕಾಗಿ ಕಂಡವು.

"ಕಾಣ್ತಾ ಇದೆ ಖಾದರಣ್ಣ. ಕಂಡರೆ ಸಾಕಲ್ವಾ?" ಎಂದೆ.

ಅವರು ಕನ್ನಡಿ ಒರೆಸಿಕೊಂಡು ಹೋದರು.

ಗುರುವಾರ ಬೆಳಿಗ್ಗೆ ಗಿರಿಜಳಿಗೆ ಹೇಳದೆ ಹಲಗೆಯನ್ನು ಟವಲಿನಲ್ಲಿ ಸುತ್ತಿ, ಅವಳ ಮುಖ ನೋಡುವ ಕನ್ನಡಿಯನ್ನು ಜೇಬಿಗಿಳಿಸಿ ಕಾಲೇಜಿಗೆ ಹೋದೆ. ನಂಜುಂಡಯ್ಯನವರು ಟವಲು ಬಿಚ್ಚಿ ನೋಡಿದರು. ಮೂಸಿ ನೋಡಿದರು.

"ಪೆಟ್ರೋಲು ಸಾರ್" ಎಂದೆ.

"ಇದು ಏನು?"

"ಹಿಂಭಾಗ ಸಾರ್. ಕನ್ನಡಿ ನಾನೇ ತಂದಿದೀನಿ."

ಅವರ ಸಹನೆಯನ್ನು ನಾನು ಈಗಲೂ ನೆನೆಯುತ್ತೇನೆ. ಕೈಚಾಚಿ ಕನ್ನಡಿ ತೆಗೆದುಕೊಂಡರು. ಅದರ ಬೆನ್ನಿಗೆ ಗಿರಿಜ ಅಂಟಿಸಿಟ್ಟಿದ್ದ ಹಣೆಯ ಟಿಕಲಿಗಳು ಆಫೀಸಿನ ಕಡೆಗೆ ತಿರುಗಿದವು. ಅರ್ಜಿ ಹಿಡಿದು ನಿಂತಿದ್ದ ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟು ದೊಡ್ಡ ಅಧಿಕಾರಿ ಹಲಗೆಯನ್ನು ಅತ್ತ ವಾಲಿಸಿ, ಇತ್ತ ವಾಲಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದಂಕಿಯನ್ನಾದರೂ ಹಿಡಿಯಲು ಪ್ರಾಮಾಣಿಕವಾಗಿ ಹೆಣಗಿದರು. ಕೊನೆಗೆ ಕನ್ನಡಕ ತೆಗೆದರು.

"ಕನ್ನಡಿಯಲ್ಲಿ ಕಂಡ ಅಂಕಗಳನ್ನು ಪರಿಗಣಿಸುವ ಬಗ್ಗೆ ಯಾವ ಸುತ್ತೋಲೆಯೂ ಇಲ್ಲ" ಎಂದರು. "ಅದಿರಲಿ, ನಿಮ್ಮ ಮನೆಯವರು..."

"ಅವಳಿಗೆ ಇದೆಲ್ಲ ಏನೂ ಗೊತ್ತಿಲ್ಲ ಸಾರ್. ಪೂರ್ತಿ ಜವಾಬ್ದಾರಿ ನಾನೇ ವಹಿಸ್ಕೊಂಡಿದೀನಿ."

"ಅದು ಕಾಣುತ್ತೆ. ನೋಡಿ, ಆ ಪರೀಕ್ಷೆ ನಡೆಸಿದ ಕೇಂದ್ರದ ಮೇಷ್ಟ್ರ ಹತ್ತಿರ ಅಂಕಗಳ ರಿಜಿಸ್ಟರ್ ಇರುತ್ತೆ. ಅವರು ಅದರ ನಕಲು ತೆಗೆದು, ರುಜು ಮಾಡಿ, ಮೊಹರು ಹಾಕಿ..."

"ಸಾಕು ಸಾರ್. ಹೊರಟೆ."

"ಒಂದ್ನಿಮಿಷ ನಿಲ್ಲಿ, ನಾನು ಹೇಳೋದು..."

ನಿಲ್ಲುವುದಕ್ಕೆ ಹೊತ್ತೆಲ್ಲಿತ್ತು? ಮಾರನೇ ದಿನ ಕಡೇ ದಿನ. ಹಲಗೆ, ಕನ್ನಡಿ, ಟವಲು ಮೂರನ್ನೂ ಖಾದರ್ ಸಾಬರ ಕೈಗೆ ಕೊಟ್ಟು, "ಮನೇಲಿ ಹೇಳಿ, ನಾಳೆ ಬರ್ತೀನಿ" ಎಂದವನೇ ಪಾವಗಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಕರ್ತವ್ಯನಿಷ್ಠೆಯನ್ನು ನಾನೇ ಮೆಚ್ಚಿಕೊಂಡೆ.

ಹೊಸಕೋಟೆಯಲ್ಲಿ ಹಿಂದಿ ಮೇಷ್ಟ್ರ ಮನೆಯನ್ನು ಕೇಳಬೇಕಾಗಿಯೇ ಇರಲಿಲ್ಲ. ಜಗುಲಿಯ ಮೇಲೆ ಐದಾರು ಹುಡುಗಿಯರು ಕೂತು ಒಟ್ಟಿಗೆ ಹಿಂದಿ ಒಪ್ಪಿಸುತ್ತಿದ್ದ ದನಿ ಬೀದಿಯ ಕೊನೆಗೇ ಕೇಳುತ್ತಿತ್ತು. ವೆಂಕಟರಮಣಪ್ಪ ಮೇಷ್ಟ್ರು ತೆಳ್ಳಗಿನ ಮನುಷ್ಯ. ಮೊಣಕಾಲಿಗೆ ಬಿಗಿದ ಪಂಚೆ, ಮಡಿಲಲ್ಲಿ ಮೊರ. ಕಡಲೇಕಾಯಿ ಸುಲಿಯುತ್ತಲೇ ತಪ್ಪು ತಿದ್ದುತ್ತಿದ್ದರು.

"ಓಹೋ, ಗಿರಿಜ ಯಜಮಾನರಾ? ರಂಡಿ ರಂಡಿ, ಬನ್ನಿ, ಕೂತ್ಕೊಳ್ಳಿ" ಎಂದು ತೆಲುಗು ಬೆರೆಸಿ ಕರೆದು ಚಾಪೆ ಸರಿಸಿದರು.

ನಾನು ಉಸಿರು ತೆಗೆದುಕೊಳ್ಳದೆ ನಡೆದದ್ದನ್ನೆಲ್ಲ ಹೇಳಿದೆ. ಅಂಟಿಸಿದ ಭಾಗವನ್ನು ಸ್ವಲ್ಪ ಚಿಕ್ಕದು ಮಾಡಿದೆ. ಮೇಷ್ಟ್ರು ಕೇಳಿ, ರಿಜಿಸ್ಟರ್ ತರಲು ಏಳಲಿಲ್ಲ. ಕಡಲೇಕಾಯಿ ಒಡೆಯುತ್ತಲೇ, "ಗಿರಿಜ. ಮೊದಲನೇ ಪತ್ರಿಕೆ ಎಪ್ಪತ್ತೆಂಟು. ಎರಡನೇದು ಎಂಬತ್ತೊಂದು. ಮೂರನೇದು ಅರವತ್ನಾಲ್ಕು" ಎಂದರು.

"ಹೆಂಗೆ ಮೇಷ್ಟ್ರೇ, ಇಷ್ಟು ವರ್ಷದ ಮೇಲೆ?"

"ಹೆಂಗೆ ಅಂದರೆ? ಆ ಬ್ಯಾಚಿನಲ್ಲಿ ಒಂಬತ್ತು ಮಂದಿ ಹುಡುಗಿಯರು. ಒಬ್ಬೊಬ್ಬರದೂ ಹೇಳ್ತೀನಿ, ಕೇಳ್ತೀರಾ?" ಎಂದು ಒಂಬತ್ತು ಮಂದಿಯ ಅಂಕಗಳನ್ನೂ ಹೇಳಿದರು. ಯಾರು ಈಗ ಯಾವ ಊರಿನಲ್ಲಿದ್ದಾರೆ, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನೂ ಸೇರಿಸಿದರು. ಆಮೇಲೆ ದನಿ ತಗ್ಗಿಸಿ, "ಮೂರನೇ ಪತ್ರಿಕೆ ದಿನ ನಿಮ್ಮ ಗಿರಿಜಾಗೆ ಮೈಸುಡೋ ಜ್ವರ. ಕಂಬಳಿ ಹೊದ್ದುಕೊಂಡೇ ಬಂದ್ಲು. ವದ್ದಮ್ಮಾ, ಬೇಡ, ಮುಂದಿನ ಸಲ ಬರಿ ಅಂದೆ. ಮುಂದಿನ ಸಲಕ್ಕೆ ನಮ್ಮಪ್ಪ ನನ್ನ ಮದುವೆ ಮಾಡಿರ್ತಾರೆ ಸಾರ್ ಅಂದ್ಲು. ಕೂತು ಬರೆದ್ಲು. ಅರವತ್ನಾಲ್ಕು. ಜ್ವರ ಇಲ್ಲದಿದ್ರೆ ಎಂಬತ್ತರ ಮೇಲೆ" ಎಂದರು.

ಜಗುಲಿಯ ಹುಡುಗಿಯರು ಓದುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಈ ಕಂಬಳಿ, ಈ ಜ್ವರ, ಈ ಅರವತ್ನಾಲ್ಕು, ಇದರ ಮೇಲೆಯೇ ಅಲ್ಲವೇ ನಾನು ಅಂಗೈಯಲ್ಲಿ ನೀವಿ ನೀವಿ ಸೊಲ್ಯೂಷನ್ ಹಚ್ಚಿದ್ದು. ಬಳ್ಳಿಯ ಅಂಚು ಚೆನ್ನಾಗಿದೆಯೆಂದು ಮುಂಭಾಗಕ್ಕೆ ಗಾಜು ಹಾಕಿಸಿದ್ದೆ. ನಮ್ಮ ಮನೆಯಲ್ಲಿ ಎಂಥವಳು ಸೊಪ್ಪು ಬಿಡಿಸುತ್ತಾ ಕೂತಿದ್ದಾಳೆಂದು ನನಗೆ ತಿಳಿದದ್ದು ಆ ಚಾಪೆಯ ಮೇಲೆ.

ತಲೆಯೆತ್ತಿ, "ಮೇಷ್ಟ್ರೇ, ಅದರ ನಕಲು ಒಂದು ರುಜು ಮಾಡಿ ಕೊಟ್ಟರೆ..." ಎಂದೆ.

ಮೇಷ್ಟ್ರು ಆಶ್ಚರ್ಯದಿಂದ ನೋಡಿದರು. "ಅದು ನಿನ್ನೆನೇ ಹೋಯ್ತಲ್ಲ? ಸೋಮವಾರ ಗಿರಿಜ ಕಾಲೇಜಿನೋರನ್ನ ಕೇಳಿಕೊಂಡು ನನಗೊಂದು ಕಾರ್ಡು ಬರೆದಿದ್ಲು. ನಿನ್ನೆ ಕೈಗೆ ಬಂತು. ನಿನ್ನೆನೇ ನಕಲು ತೆಗೆದು, ಮೊಹರು ಹಾಕಿ, ಕಾಲೇಜಿನ ವಿಳಾಸಕ್ಕೇ ರಿಜಿಸ್ಟರ್ ಪೋಸ್ಟ್ ಮಾಡಿದೀನಿ. ನಿಮಗೆ ಹೇಳಲಿಲ್ವಾ?"

ಹೇಳಲು ಎರಡು ಸಲ ಬಂದಿದ್ದಳು. ಎರಡು ಸಲವೂ ನನ್ನ ತಲೆ ಓಡುತ್ತಿತ್ತು.

"ಆ ಕಾರ್ಡಿನಲ್ಲಿ ಏನು ಕಾರಣ ಬರೆದಿದ್ದಳು ಮೇಷ್ಟ್ರೇ?" ಎಂದು ಮೆಲ್ಲನೆ ಕೇಳಿದೆ.

"ನಮ್ಮ ಯಜಮಾನರು ತುಂಬಾ ಪ್ರೀತಿಯಿಂದ ಅದನ್ನು ಹಲಗೆಗೆ ಅಂಟಿಸಿದ್ದಾರೆ, ಕೀಳುವುದಕ್ಕೆ ಮನಸ್ಸಿಲ್ಲ ಅಂತ ಬರೆದಿದ್ಲು" ಎಂದರು ಮೇಷ್ಟ್ರು. ಒಂದು ಹಿಡಿ ಕಡಲೇಕಾಯಿಬೀಜವನ್ನು ನನ್ನ ಕೈಗೆ ಸುರಿದು, "ತಿನಂಡಿ" ಎಂದರು. ತಿಂದೆ. ಅಲ್ಲಿ ನನಗೆ ಬೇರೆ ಕೆಲಸವೇನೂ ಇರಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ನೇರ ಕಾಲೇಜಿಗೇ ಬಂದೆ. ಗಿರಿಜ ಆಗಲೇ ನಂಜುಂಡಯ್ಯನವರ ಮೇಜಿನ ಮುಂದೆ ನಿಂತಿದ್ದಳು. ಮಗು ಅವಳ ಹೆಗಲಿಗೊರಗಿ ನಿದ್ದೆ ಹೋಗಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಊಟ ಆಯ್ತಾ?" ಎಂದಷ್ಟೇ ಕೇಳಿದಳು.

"ಕಡಲೇಕಾಯಿ ತಿಂದೆ" ಎಂದೆ.

ಆ ದಿನದ ಅಂಚೆ ಆಗ ತಾನೇ ಬಂದಿತ್ತು. ನಂಜುಂಡಯ್ಯನವರು ಲಕೋಟೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ, ಕಾಗದ ಬಿಡಿಸಿ, ಮೊಹರನ್ನು ಪರಿಶೀಲಿಸಿ ಗಟ್ಟಿಯಾಗಿ ಓದಿದರು. ಎಪ್ಪತ್ತೆಂಟು. ಎಂಬತ್ತೊಂದು. ಅರವತ್ನಾಲ್ಕು. ಮೂರೂ ಗೊತ್ತುಪಡಿಸಿದ್ದಕ್ಕಿಂತ ಮೇಲೆಯೇ ಇದ್ದವು. ಅವರು ದೊಡ್ಡ ಪುಸ್ತಕ ತೆರೆದು, ಗಿರಿಜಳ ಹೆಸರಿನ ಎದುರಿಗೆ ಆ ಮೂರು ಅಂಕಿಗಳನ್ನು ಒಂದೊಂದಾಗಿ ಇಳಿಸಿ, ಪಕ್ಕದಲ್ಲಿ 'ವಿನಾಯಿತಿ ನೀಡಲಾಗಿದೆ' ಎಂದು ಬರೆದರು. ಮಸಿ ಆರುವವರೆಗೂ ನಾನು ಉಸಿರು ಬಿಡಲಿಲ್ಲ. ಕಂಬಳಿ ಹೊದ್ದು ಜ್ವರದಲ್ಲಿ ಬರೆದ ಆ ಹುಡುಗಿ, ತಾಯಿಯಾದ ಗಿರಿಜಳಿಗೆ ದಿನಾ ಬೆಳಿಗ್ಗೆ ಎರಡೂವರೆ ಗಂಟೆ ಬಿಡುವು ಸಂಪಾದಿಸಿ ಕೊಟ್ಟಿದ್ದಳು. ನಮ್ಮ ಮನೆಯಿಂದ ಒಬ್ಬರು ಕಾಲೇಜಿಗೆ ಸೇರಿದರು.

"ಇವರು ಸೋಮವಾರನೇ ಬಂದು ಕೇಳ್ಕೊಂಡು ಹೋಗಿದ್ರು ಅಂತ ನಿನ್ನೆನೇ ಹೇಳೋಕೆ ಹೊರಟಿದ್ದೆ. ಸರ್ಟಿಫಿಕೇಟಿನ ಮುಂಭಾಗದಲ್ಲಿರೋ ರಿಜಿಸ್ಟರ್ ನಂಬರೊಂದು ನೋಡಿಕೊಂಡು ಬಂದಿದ್ರೆ ಸಾಕಿತ್ತು, ಗಾಜು ತೆಗೆಯೋದೇ ಬೇಕಿರಲಿಲ್ಲ" ಎಂದರು ನಂಜುಂಡಯ್ಯನವರು, ನನ್ನ ಕಡೆ ನೋಡದೆ. ಆಮೇಲೆ ಒಂದು ಫಾರಂ ಸರಿಸಿ, "ಪತಿಯ ಒಪ್ಪಿಗೆಗೆ ಇಲ್ಲೊಂದು ರುಜು" ಎಂದರು.

ಕೊನೆಗೂ ನನ್ನಿಂದ ಆಗಬೇಕಾದ ಕೆಲಸವೊಂದು ಬಂತು. ಪೆನ್ನು ತೆಗೆದುಕೊಂಡು, ಎರಡು ಸಲ ಗಾಳಿಯಲ್ಲಿ ಅಭ್ಯಾಸ ಮಾಡಿ, ತುಂಬು ಅಕ್ಷರದಲ್ಲಿ ರುಜು ಹಾಕಿ ಕೊಟ್ಟೆ.

ಅವರು ಫಾರಂ ನೋಡಿದರು. "ರುದ್ರಣ್ಣೋರೆ, ಬಿ.ಎ.ಗೆ ಸೇರ್ತಿರೋದು ಯಾರು?"

"ಇವಳು ಸಾರ್."

"ವಿದ್ಯಾರ್ಥಿಯ ರುಜು ಅನ್ನೋ ಕಡೆ ನಿಮ್ಮದಿದೆ."

ಅವರು ಹೊಸ ಫಾರಂ ತೆಗೆದು ಗಿರಿಜಳ ಕೈಗೇ ಕೊಟ್ಟರು. "ತಾಯಿ, ಎಲ್ಲ ನೀವೇ ತುಂಬಿ. ಇವರು ಎಲ್ಲಿ ಬರೀಬೇಕೋ ಅಲ್ಲಿ ಬೆರಳಿಟ್ಟು ತೋರ್ಸಿ."

ಗಿರಿಜ ಬೆರಳಿಟ್ಟು ತೋರಿಸಿದಳು. ಅಲ್ಲಿ ಬರೆದೆ. ಆಮೇಲೆ ಉಳಿದದ್ದನ್ನು ತುಂಬಲು ಎರಡು ಕೈಯೂ ಬೇಕಾಗಿ ಮಗುವನ್ನು ನನ್ನ ತೋಳಿಗೆ ದಾಟಿಸಿ, "ಆಚೆ ಬೆಂಚಿನ ಮೇಲೆ ಕೂತಿರಿ. ಏನೂ ಮಾಡ್ಬೇಡಿ" ಎಂದಳು.

ಹೋಗಿ ಕೂತೆ. ಏನೂ ಮಾಡಲಿಲ್ಲ. ಆ ಇಡೀ ವಾರದಲ್ಲಿ ನಾನು ಕೈಹಾಕಿ ಕೆಡದೆ ಉಳಿದ ಕೆಲಸ ಅದೊಂದೇ. ಅದಕ್ಕೂ ಕಾರಣ, ಮಗು ಎಚ್ಚರವಾಗಲಿಲ್ಲ.